ನಿವ್ವಳ

ರಾತ್ರಿ ಒಂದೂವರೆ. ಗೇಟಿನಾಚೆ ಕಬ್ಬಿನ ಗಾಡಿಗಳ ಸಾಲು
ಮಂಡ್ಯದ ಹೆದ್ದಾರಿ ಮುಟ್ಟಿದೆ. ರೋಲರು ಮತ್ತೆ ಕೆಟ್ಟಿದೆಯಂತೆ.
ತೂಕದ ಮನೆಯ ಕಿಟಕಿಯಲ್ಲಿ ನಾನು.
ಕೆಳಗೆ, ತರಗಿಗೆ ಬೆಂಕಿ ಹಾಕಿಕೊಂಡು ಅವರು.
ಬೆಂಕಿಯ ಸುತ್ತ ಯಾವುದೋ ದೇಶದ ಯುದ್ಧ.

ಕೆರಗೋಡಿನ ನಿಂಗರಾಜು ಮೊಬೈಲು ಎತ್ತಿ ಹಿಡಿದ:
ನಲವತ್ತು ಟ್ಯಾಂಕು, ಒಂದೇ ರಸ್ತೆ, ಒಂದರ ಹಿಂದೊಂದು.
ಮುಂದಿನದು ಉರಿದಿದೆ, ಕೊನೆಯದೂ ಉರಿದಿದೆ,
ನಡುವಿನವು ನಮ್ಮ ಹಾಗೇ ನಿಂತಿವೆ.

"ಹೊಲಕ್ಕಿಳಿಸಿ ಹರಡ್ಕೊಂಡಿದ್ರೆ ಉಳೀತಿದ್ವು" ಅಂದ ತನ್ವೀರ,
ಮದುವೆಗಳಿಗೆ ಡ್ರೋನ್ ಹಾರಿಸುವ ಹುಡುಗ,
ಅಣ್ಣನ ಲಾರಿಗೆ ಜೊತೆಯಾಗಿ ಬಂದವನು.

"ಹೊಲಕ್ಕಾ? ನಾಲೆ ನೀರು ಬುಟ್ಟ ಮಾರನೇ ದಿನ
ಗದ್ದೆಗೆ ಟ್ರಾಕ್ಟ್ರು ಇಳಿಸಿ ನೋಡ್ಲಾ.
ಎರಡು ಟನ್ನು ನಂದು. ಆಕ್ಸಲ್ ಗಂಟ ಹೂತ್ಕೊಂಡು
ಮೂರು ಜೊತೆ ಎತ್ತು ಕಟ್ಟಿ ಎಳೆಸ್ದೆ.
ಅದು ನಲವತ್ತು ಟನ್ನು ಕಣಪ್ಪ.
ಆ ಜನರಲ್ಲಿಗೆ ನಕ್ಷೆಲಿ ರಸ್ತೆ ಕಂಡದೆ, ಕೆಸರು ಕಂಡಿಲ್ಲ."

"ಕೆಸರಿದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ.
ಮೇಲಿಂದ ಎಲ್ಲಾ ಕಾಣ್ತದಣ್ಣ.
ಧಾರೆ ಹೊತ್ತಲ್ಲಿ ಹೆಣ್ಣು ಕಣ್ಣೊರೆಸ್ಕೊಂಡದ್ದೂ
ನಂಗೆ ಕಂಡದೆ."

ಆಮೇಲೆ ಮಾತು ಎಲ್ಲ ಕಡೆಯಿಂದ.
ಟ್ಯಾಂಕಿನ ಕಾಲ ಮುಗೀತು. ಮುಗಿದಿಲ್ಲ, ಕಾಲಾಳು ಇಲ್ಲದೆ ಕಳಿಸಿದ್ದೇ ತಪ್ಪು.
ಡೀಸೆಲ್ ಗಾಡಿ ಹಿಂದೆ ಉಳೀತು. ಚಳಿಗಾಲ ಕಾಯಬೇಕಿತ್ತು.
ನಷ್ಟ ಮುನ್ನೂರು ಅನ್ನುತ್ತದೆ ಆ ಸರ್ಕಾರ,
ಸಾವಿರದ ಇನ್ನೂರು ಅನ್ನುತ್ತದೆ ಈ ಸರ್ಕಾರ,
ಸುಟ್ಟದ್ದನ್ನ ನಾಲ್ಕು ದಿಕ್ಕಿಂದ ಫೋಟೋ ಹೊಡೆದರೆ ನಾಲ್ಕಾಗುತ್ತದೆ.
ಯಾರೋ ನನ್ನ ಕಡೆ ತಿರುಗಿ,
"ನಮ್ ಸಾಮಿ ತೂಕ ಇದ್ದಂಗೆ!
ಆಚೆ ಹದಿನೆಂಟೂವರೆ, ಇಲ್ಲಿಗೆ ಬಂದ್ರೆ ಹದಿನೇಳು ಮುಕ್ಕಾಲು."
ಎಲ್ಲರೂ ನಕ್ಕರು. ನಾನೂ. ಏನು ಹೇಳಲಿ,
ತಕ್ಕಡಿ ನಾನು ಮಾಡಿದ್ದಲ್ಲ.

ಗೇಟಿನ ಕಾವಲಿನ ಚಲುವಯ್ಯ ಮಾತ್ರ ಸುಮ್ಮನಿದ್ದ.
ಹದಿನೇಳು ವರ್ಷ ಫೌಜಿನಲ್ಲಿ ಟ್ಯಾಂಕು ರಿಪೇರಿ ಮಾಡಿದವನು.
"ನೀವೇಳಿ ಹವಾಲ್ದಾರ್ರೆ, ಯಾರ ತಪ್ಪು?"

ಅವನು ದೇವೀರಮ್ಮನ ಟ್ರೇಯಿಂದ ಮೂರು ಗ್ಲಾಸು ತೆಗೆದ,
ಕಲ್ಲಿನ ಮೇಲೆ ಇಟ್ಟ.
"ಇವನು ಗನ್ನರ್, ಎಡಕ್ಕೆ. ಇವನು ಕಮಾಂಡರ್, ಬಲಕ್ಕೆ.
ಗುಂಡೆಲ್ಲ ಇವರ ಕುಂಡಿ ಕೆಳಗೇ, ರಂಗೋಲಿ ಥರ ಸುತ್ತ.
ಇವನು ಡ್ರೈವರು. ಮುಂದೆ, ತಗ್ಗಲ್ಲಿ, ಅರ್ಧ ಮಲಗಿದಂಗೆ.
ನಳಿಕೆ ಅಡ್ಡ ಬಂದು ನಿಂತ್ರೆ
ಇವನ ತಲೆ ಮೇಲಿನ ಮುಚ್ಚಳ ತೆಗೆಯಾಕಾಗಲ್ಲ."

ಇಷ್ಟೇ ಹೇಳಿದ್ದು.
"ನೀವು ನೋಡಿದ್ರಾ?" ಅಂತ ಕೇಳಿದ ತನ್ವೀರ.
ಚಲುವಯ್ಯ ಬೆಂಕಿಗೆ ಒಂದು ಹಿಡಿ ತರಗು ಎಸೆದ.
"ಅಭ್ಯಾಸದಲ್ಲಿ. ಯುದ್ಧ ಏನಿರಲಿಲ್ಲ, ರಾಜಸ್ಥಾನದಲ್ಲಿ.
ಒಳಗಿಂದ ಬಡೀತಿದ್ದ."

ನಿಂಗರಾಜು ಮೊಬೈಲು ಜೇಬಿಗಿಟ್ಟ.
ಆಗಲೇ ಸೈರನ್ ಕೂಗಿತು, ರೋಲರು ತಿರುಗಿತು,
ಸಾಲು ಒಂದೊಂದೇ ಎಂಜಿನ್ನಾಗಿ ಎದ್ದಿತು.
ದೇವೀರಮ್ಮ ಗ್ಲಾಸು ಬಳಿದುಕೊಂಡಳು,
ಮೂರನೆಯದರಲ್ಲಿ ಟೀ ಹಾಗೇ ಇತ್ತು,
ಮಣ್ಣಿಗೆ ಚೆಲ್ಲಿದಳು.

ಬೆಳಗಿನ ಜಾವ ನಿಂಗರಾಜು ಕಬ್ಬು ಸುರಿದು ಬಂದ,
ಖಾಲಿ ಗಾಡಿ ತೂಕಕ್ಕೆ.
ಡ್ರೈವರು ಇಳಿಯಬೇಕು, ಅದು ನಿಯಮ,
ಗೋಡೆ ಮೇಲೆ ಬರೆದಿದೆ, ಯಾರೂ ಓದುವುದಿಲ್ಲ.
ಅವನು ಸ್ಟೇರಿಂಗಿಗೆ ಹಣೆ ಇಟ್ಟು ನಿದ್ದೆ ಹೋಗಿದ್ದ.
ಗಾಜು ಬಡಿದೆ. ಮತ್ತೆ ಬಡಿದೆ.
"ಇಳಿಯಪ್ಪ," ಅಂದೆ, "ಇಳಿ, ಇಳಿ,"
ನನ್ನ ದನಿ ನನಗೇ ಜೋರೆನಿಸಿತು.

ಕಾಲು ಜೋಮು ಹಿಡಿದು ಕುಂಟುತ್ತ ಇಳಿದ,
ಬೀಡಿ ಹುಡುಕುತ್ತ ಆಚೆ ನಿಂತ.
ಕೆಂಪು ಅಂಕಿ ನಡುಗಿ, ಅರವತ್ತೆರಡು ಕಿಲೋ ಇಳಿದು
ನಿಂತಿತು.